ಪುಟ್ಟ ಲೇತ್‌ಗೆ ಕಾಲೆಟ್: ಕೊಳ್ಳುವ ಮುನ್ನ, ಕೊಂಡ ಮೇಲೆ

12 ಮಿ.ಮೀ. ದಪ್ಪದ ಬ್ರೈಟ್ ಬಾರ್‌ನಿಂದ ಚಿಕ್ಕದೊಂದು ಶಾಫ್ಟ್ ಮಾಡಬೇಕಿದೆ ಎಂದುಕೊಳ್ಳಿ. ಎರಡೂ ತುದಿಗಳನ್ನು 8 ಮಿ.ಮೀ.ಗೆ ಇಳಿಸಿ, ಒಂದೊಂದಕ್ಕೆ 608 ನಂಬರಿನ ಬೇರಿಂಗ್ ಕೂರಿಸಬೇಕು. ಸ್ಕೇಟಿಂಗ್ ಚಕ್ರಗಳಲ್ಲಿರುವ, ಎಲ್ಲ ಬೇರಿಂಗ್ ಅಂಗಡಿಗಳಲ್ಲೂ ಸಿಗುವ ಬೇರಿಂಗ್ ಅದು: ಒಳವ್ಯಾಸ 8, ಹೊರವ್ಯಾಸ 22, ಅಗಲ 7 ಮಿ.ಮೀ. ಬಾರನ್ನು ಲೇತ್‌ನ ತ್ರೀ ಜಾ ಚಕ್‌ಗೆ ಕಚ್ಚಿಸಿ ಒಂದು ತುದಿಗೆ ಟರ್ನಿಂಗ್ ಮಾಡಿದ್ದಾಯಿತು. ಮೈಕ್ರೋಮೀಟರ್ ಹಿಡಿದರೆ ಅಳತೆ ಸರಿಯಾಗಿದೆ. ಬಾರನ್ನು ತಿರುವಿ ಹಾಕಿ ಇನ್ನೊಂದು ತುದಿಯನ್ನೂ ಅಷ್ಟೇ ಶ್ರದ್ಧೆಯಿಂದ ಮುಗಿಸಿದ್ದಾಯಿತು. ಅಲ್ಲೂ ಅಳತೆ ಸರಿ. ಆದರೆ ಬೇರಿಂಗ್ ಹಾಕಿ ತಿರುಗಿಸಿದರೆ ಶಾಫ್ಟ್ ನಡುಗುತ್ತದೆ. ಎರಡು ತುದಿಗಳೂ ತಮ್ಮ ಮಟ್ಟಿಗೆ ದುಂಡಗಿವೆ, ಅಳತೆಗೆ ಸರಿಯಾಗಿವೆ, ಆದರೂ ಅವುಗಳ ಕೇಂದ್ರಗಳು ಒಂದೇ ಗೆರೆಯಲ್ಲಿಲ್ಲ.

ಹಳೆಯ ಗಡಿಯಾರ ದುರಸ್ತಿ ಮಾಡುವವರು, ಉಗಿ ಎಂಜಿನ್ನಿನ ಮಾದರಿ ಕಟ್ಟುವವರು, ಸ್ವಂತ ಫೌಂಟನ್ ಪೆನ್ ತಯಾರಿಸುವವರು, ಹೀಗೆ ಮನೆಯ ಮೂಲೆಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡ ಹವ್ಯಾಸಿಗಳೆಲ್ಲ ಎಂದಾದರೊಂದು ದಿನ ಈ ತೊಂದರೆಯ ಎದುರು ನಿಲ್ಲುತ್ತಾರೆ. ಆಗ ಕೇಳಿಬರುವ ಸಲಹೆ ಒಂದೇ: ಕಾಲೆಟ್ ತೊಗೊಳ್ಳಿ. ಸಲಹೆ ಸರಿಯಾದದ್ದೇ. ಆದರೆ ಯಾವ ಕಾಲೆಟ್, ಅದನ್ನು ಲೇತ್‌ಗೆ ಜೋಡಿಸುವ ಹೋಲ್ಡರ್ ಯಾವುದು, ಜೋಡಿಸಿದ ಮೇಲೆ ಏನನ್ನು ಪರೀಕ್ಷಿಸಬೇಕು ಎಂಬುದು ತಿಳಿಯದೆ ಕೊಂಡರೆ, ಖರ್ಚು ಮಾಡಿಯೂ ಶಾಫ್ಟ್ ನಡುಗುವುದು ನಿಲ್ಲುವುದಿಲ್ಲ. ನಿಖರತೆ ಕಾಲೆಟ್‌ನಿಂದ ಬರುವುದಕ್ಕಿಂತ ಹೆಚ್ಚಾಗಿ ಅದು ಕೂರುವ ಜಾಗದಿಂದ ಬರುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ನಿರ್ಧಾರಗಳು ಸುಲಭ.

ಬಿಟ್ಟು ಮತ್ತೆ ಹಿಡಿದಾಗ

ತ್ರೀ ಜಾ ಚಕ್‌ನ ಒಳಗೆ ಸುರುಳಿ ಗೆರೆ ಕೊರೆದ ಒಂದು ತಟ್ಟೆ ಇರುತ್ತದೆ. ಕೀ ತಿರುಗಿಸಿದರೆ ತಟ್ಟೆ ತಿರುಗಿ ಮೂರೂ ಜಾಗಳನ್ನು ಒಟ್ಟಿಗೆ ಒಳಕ್ಕೆ ತಳ್ಳುತ್ತದೆ. ಕೆಲಸ ಬೇಗ ಆಗುತ್ತದೆ. ಆದರೆ ಸುರುಳಿಯ ತಯಾರಿಕೆಯಲ್ಲಿ, ಜಾಗಳು ಸರಿಯುವ ತೋಡಿನಲ್ಲಿ, ವರ್ಷಗಳ ಸವೆತದಲ್ಲಿ ಸ್ವಲ್ಪಸ್ವಲ್ಪ ವ್ಯತ್ಯಾಸ ಸೇರಿಕೊಳ್ಳುತ್ತದೆ. ಹವ್ಯಾಸಿ ಲೇತ್‌ಗಳ ಜೊತೆ ಬರುವ ಚಕ್‌ನಲ್ಲಿ ಡಯಲ್ ಗೇಜ್ ಹಿಡಿದರೆ ಮುಳ್ಳು 0.05ರಿಂದ 0.10 ಮಿ.ಮೀ.ವರೆಗೆ ಆಡುವುದು ಸಾಮಾನ್ಯ. ‘ಔಟ್ ಇದೆ’ ಎಂದು ಟರ್ನರ್‌ಗಳು ಹೇಳುವುದು ಇದನ್ನೇ. ಸುರುಳಿಯ ಎಲ್ಲ ಭಾಗಗಳೂ ಒಂದೇ ಸಮ ಸವೆಯುವುದಿಲ್ಲವಾದ್ದರಿಂದ, 10 ಮಿ.ಮೀ. ಬಾರ್‌ಗೆ ಬಂದ ಔಟ್ 20 ಮಿ.ಮೀ. ಬಾರ್‌ಗೆ ಬರುವ ಔಟ್‌ಗಿಂತ ಬೇರೆಯೇ ಆಗಿರಬಹುದು.

ಇಲ್ಲೊಂದು ಮಾತನ್ನು ಹೊಸಬರು ಗಮನಿಸಬೇಕು. ಬಾರ್ ಎಷ್ಟೇ ಔಟ್ ಇದ್ದರೂ, ಅದನ್ನು ಬಿಚ್ಚದೆ ಒಂದೇ ಹಿಡಿತದಲ್ಲಿ ಟರ್ನಿಂಗ್ ಮಾಡಿದ ಎಲ್ಲ ಭಾಗಗಳೂ ಒಂದೇ ಅಕ್ಷದ ಮೇಲೆ ಇರುತ್ತವೆ. ಆ ಅಕ್ಷ ಸ್ಪಿಂಡಲ್‌ನದು. ಚಕ್‌ನ ತಪ್ಪು ಮೊದಲ ಕಟ್‌ನಲ್ಲೇ ಕಳೆದುಹೋಗುತ್ತದೆ. ತೊಂದರೆ ಶುರುವಾಗುವುದು ಜಾಬ್ ಬಿಚ್ಚಿ, ತಿರುವಿ, ಮತ್ತೆ ಹಿಡಿದಾಗ. ಹಾಗಾಗಿ ಕಾಲೆಟ್ ಕೊಳ್ಳುವ ಮೊದಲು ಜಾಬ್‌ನ ಕ್ರಮವನ್ನೇ ಬದಲಿಸಿ, ಮುಖ್ಯವಾದ ಭಾಗಗಳನ್ನೆಲ್ಲ ಒಂದೇ ಹಿಡಿತದಲ್ಲಿ ಮುಗಿಸಲು ಸಾಧ್ಯವೇ ಎಂದು ಯೋಚಿಸಬೇಕು. ಎಷ್ಟೋ ಕೆಲಸಗಳಲ್ಲಿ ಸಾಧ್ಯವಿದೆ, ಅದಕ್ಕೆ ಖರ್ಚೂ ಇಲ್ಲ.

ಸಾಧ್ಯವಿಲ್ಲದ ಕೆಲಸಗಳೂ ಬೇಕಾದಷ್ಟಿವೆ. ಮೇಲಿನ ಶಾಫ್ಟ್ ಅಂಥದ್ದು. ಒಂದೇ ಬಗೆಯ ಇಪ್ಪತ್ತು ಹಿತ್ತಾಳೆಯ ಗುಬ್ಬಿಗಳನ್ನು ಮಾಡುವುದೂ, ಫಿನಿಶ್ ಆದ ಮೇಲ್ಮೈಗೆ ಕಲೆ ಬೀಳದಂತೆ ಹಿಡಿಯುವುದೂ, 3 ಮಿ.ಮೀ. ತೆಳು ಕಡ್ಡಿಯನ್ನು ಬಾಗಿಸದೆ ಹಿಡಿಯುವುದೂ ಅಂಥವೇ. ಕಾಲೆಟ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಇಲ್ಲಿ.

ಕಾಲೆಟ್ ಹಿಡಿಯುವ ಬಗೆ

ಕಾಲೆಟ್ ಎಂದರೆ ಗಟ್ಟಿಗೊಳಿಸಿದ ಸ್ಪ್ರಿಂಗ್ ಸ್ಟೀಲ್‌ನ ಒಂದು ತೋಳು. ಒಳಗೆ ಜಾಬ್‌ನ ಅಳತೆಯ ತೂತು, ಹೊರಗೆ ಇಳಿಜಾರಾದ ಟೇಪರ್, ಉದ್ದಕ್ಕೂ ಸೀಳಿದ ಗೆರೆಗಳು. ಅದನ್ನು ಅಷ್ಟೇ ಕೋನದ ಟೇಪರ್ ತೂತಿನೊಳಗೆ ಎಳೆದರೆ ಅಥವಾ ತಳ್ಳಿದರೆ ಸೀಳುಗಳು ಮುಚ್ಚಿಕೊಂಡು ತೋಳು ಸುತ್ತಲಿಂದ ಸಮನಾಗಿ ಬಿಗಿಯುತ್ತದೆ. ಮೂರು ಜಾಗಳ ಒತ್ತಡ ಮೂರು ಗೆರೆಗಳ ಮೇಲೆ ಬೀಳುತ್ತದೆ. ಕಾಲೆಟ್‌ನ ಒತ್ತಡ ಹೆಚ್ಚುಕಡಿಮೆ ಇಡೀ ಸುತ್ತಳತೆಗೂ, ಹತ್ತಾರು ಮಿ.ಮೀ. ಉದ್ದಕ್ಕೂ ಹಂಚಿಹೋಗುತ್ತದೆ. ಆದ್ದರಿಂದಲೇ ಹಿತ್ತಾಳೆ, ಅಲ್ಯೂಮಿನಿಯಂನಂಥ ಮೆದು ಲೋಹಗಳ ಮೇಲೂ ಕಚ್ಚಿದ ಗುರುತು ಉಳಿಯುವುದಿಲ್ಲ, ತೆಳು ಟ್ಯೂಬ್ ಮುಕ್ಕೋನವಾಗಿ ಅಮುಕಿಹೋಗುವುದಿಲ್ಲ. ಹೊರಗೆ ಚಾಚಿದ ಜಾಗಳಿಲ್ಲದ್ದರಿಂದ ಬೆರಳಿಗೂ ಅಪಾಯ ಕಡಿಮೆ. ಚಕ್ ಪಕ್ಕದಲ್ಲಿ ಎಮರಿ ಪೇಪರ್ ಹಿಡಿದವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಈ ಹಿಡಿತವನ್ನು ಬೆಳೆಸಿದವರಲ್ಲಿ ಗಡಿಯಾರ ಕುಶಲಿಗಳು ಮೊದಲಿಗರು. ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಲ್ತಮ್ ಪಟ್ಟಣದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ರೂಪುಗೊಂಡ ವೆಬ್‌ಸ್ಟರ್-ವಿಟ್‌ಕೂಂಬ್ ಮಾದರಿಯ 8 ಮಿ.ಮೀ. ಕಾಲೆಟ್‌ಗಳು ಇಂದಿಗೂ ಗಡಿಯಾರದ ಲೇತ್‌ಗಳಲ್ಲಿ ಬಳಕೆಯಲ್ಲಿವೆ. ಅವುಗಳ ಮೇಲಿನ ನಂಬರ್ ಮಿ.ಮೀ.ನ ಹತ್ತನೇ ಒಂದು ಭಾಗದ ಲೆಕ್ಕದ್ದು. 30 ಎಂದಿದ್ದರೆ 3 ಮಿ.ಮೀ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಹಾರ್ಡಿಂಜ್ ಕಂಪನಿಯಿಂದ ಬಂದ 5ಸಿ ಕಾಲೆಟ್ ಟೂಲ್‌ರೂಮ್‌ಗಳ ಮಾಮೂಲಿ ವಸ್ತುವಾಯಿತು. 1973ರಲ್ಲಿ ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಕಂಪನಿ ಇಆರ್ ಕಾಲೆಟ್ ತಂದಿತು. ಅದು ಮುಂದೆ ಡಿಐಎನ್ 6499, ಆಮೇಲೆ ಐಎಸ್‌ಒ 15488 ಎಂಬ ಮಾನಕವಾಗಿ ಜಗತ್ತಿನೆಲ್ಲೆಡೆ ಹರಡಿತು. ಬೆಂಗಳೂರಿಗೂ ಕಾಲೆಟ್ ಹೊಸದಲ್ಲ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಬಾರ್ ತಿನ್ನುತ್ತಾ ಒಂದೇ ಬಗೆಯ ಬಿಡಿಭಾಗಗಳನ್ನು ಉದುರಿಸುವ ‘ಟ್ರಾಬ್’ ಮಷೀನ್‌ಗಳು ಕೆಲಸ ಮಾಡುವುದು ಕಾಲೆಟ್ ಹಿಡಿತದಲ್ಲೇ. ಅಲ್ಲಿ ದುಡಿದ ಯಾವ ಆಪರೇಟರ್‌ನನ್ನು ಕೇಳಿದರೂ ಕಾಲೆಟ್‌ನ ಶುಚಿ ಮತ್ತು ಬಿಗಿತದ ಬಗ್ಗೆ ಪಾಠ ಸಿಗುತ್ತದೆ.

ಮೊದಲು ಸ್ಪಿಂಡಲ್ ನೋಡಿ

ಆಯ್ಕೆ ಶುರುವಾಗಬೇಕಾದ್ದು ಕಾಲೆಟ್ ಪಟ್ಟಿಯಿಂದಲ್ಲ, ನಿಮ್ಮ ಲೇತ್‌ನ ಸ್ಪಿಂಡಲ್‌ನಿಂದ. ಎರಡು ವಿಷಯ ಬರೆದಿಟ್ಟುಕೊಳ್ಳಿ: ಸ್ಪಿಂಡಲ್ ಮೂತಿಯ ಟೇಪರ್ ಯಾವುದು, ಅದರ ಮೂಲಕ ಹಾಯುವ ತೂತಿನ ವ್ಯಾಸ ಎಷ್ಟು.

ಹವ್ಯಾಸಿಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಚೀನಾದಲ್ಲಿ ತಯಾರಾಗುವ, 7 ಇಂಚು ಸ್ವಿಂಗ್‌ನ ಮಿನಿ ಲೇತ್. ಬೇರೆಬೇರೆ ಬಣ್ಣ, ಬೇರೆಬೇರೆ ಹೆಸರಿನಲ್ಲಿ ಮಾರಾಟವಾದರೂ ಅದರ ಸ್ಪಿಂಡಲ್‌ಗೆ ಸಾಮಾನ್ಯವಾಗಿ ಮೋರ್ಸ್ ಟೇಪರ್ 3, ಹಾಯುವ ತೂತು 20 ಮಿ.ಮೀ., ಟೇಲ್‌ಸ್ಟಾಕ್‌ಗೆ ಮೋರ್ಸ್ ಟೇಪರ್ 2. ಇಂಗ್ಲೆಂಡಿನ ಮೈಫೋರ್ಡ್ ಎಂಎಲ್7 ಲೇತ್‌ನ ಸ್ಪಿಂಡಲ್‌ಗೆ ಮೋರ್ಸ್ ಟೇಪರ್ 2. ಅಮೆರಿಕದ ಪುಟಾಣಿ ಶೆರ್ಲೈನ್‌ಗೆ ಮೋರ್ಸ್ ಟೇಪರ್ 1. ಈ ಸಂಖ್ಯೆಗಳು ನಿಮ್ಮ ಆಯ್ಕೆಯ ಅರ್ಧವನ್ನು ತಾವೇ ಮುಗಿಸಿಬಿಡುತ್ತವೆ.

5ಸಿ ಕಾಲೆಟ್‌ನ ಉದಾಹರಣೆ ನೋಡಿ. ಒಳ್ಳೆಯ ಕಾಲೆಟ್ ಅದು. 27 ಮಿ.ಮೀ. ಸನಿಹದವರೆಗೆ ದುಂಡು ಬಾರ್ ಹಿಡಿಯುತ್ತದೆ, ಚೌಕ ಮತ್ತು ಷಟ್ಕೋನದ ಬಾರ್‌ಗೂ ಸಿಗುತ್ತದೆ, ಹಿಂಬದಿಯ ಥ್ರೆಡ್‌ನಲ್ಲಿ ಸ್ಟಾಪ್ ಕೂರಿಸಿ ಪ್ರತಿ ಜಾಬನ್ನೂ ಒಂದೇ ಉದ್ದಕ್ಕೆ ನಿಲ್ಲಿಸಬಹುದು. ಗಟ್ಟಿಗೊಳಿಸದ ‘ಎಮರ್ಜೆನ್ಸಿ’ ಕಾಲೆಟ್ ಕೊಂಡು, ಅದನ್ನು ಲೇತ್‌ನಲ್ಲೇ ಕೂರಿಸಿ ಬೇಕಾದ ಅಳತೆಗೆ ಬೋರ್ ಮಾಡಿಕೊಳ್ಳಬಹುದು. ಆದರೆ ಅದರ ಮೈ 31.75 ಮಿ.ಮೀ. ದಪ್ಪ. 20 ಮಿ.ಮೀ. ತೂತಿನ ಸ್ಪಿಂಡಲ್‌ನೊಳಗೆ ಅದು ಹೋಗುವಂತೆಯೇ ಇಲ್ಲ. ಹೊರಗೆ ದೊಡ್ಡ ಚಕ್ ಕಟ್ಟಿ ಬಳಸಬಹುದಾದರೂ, ಜಾಬ್ ಹೆಡ್‌ಸ್ಟಾಕ್ ಬೇರಿಂಗ್‌ನಿಂದ ಬಹಳ ಮುಂದಕ್ಕೆ ಹೋಗುತ್ತದೆ, ಪುಟ್ಟ ಯಂತ್ರದ ಮೇಲೆ ತೂಕ ಬೀಳುತ್ತದೆ. ಒಂದೊಂದು 5ಸಿ ಕಾಲೆಟ್ ಮುಚ್ಚಿಕೊಳ್ಳುವುದೂ ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸು ಮಾತ್ರ. ಎಲ್ಲ ಅಳತೆಗೂ ಬೇಕೆಂದರೆ ಕಪಾಟು ತುಂಬುತ್ತದೆ. ಇದು ದೊಡ್ಡ ಟೂಲ್‌ರೂಮ್ ಲೇತ್‌ನ ಒಡನಾಡಿ.

ಇನ್ನೊಂದು ತುದಿಯಲ್ಲಿರುವುದು ಸ್ಪಿಂಡಲ್ ಟೇಪರ್‌ಗೇ ನೇರವಾಗಿ ಕೂರುವ ಮೋರ್ಸ್ ಟೇಪರ್ ಕಾಲೆಟ್. ನಡುವೆ ಹೋಲ್ಡರ್ ಇಲ್ಲ. ಹಿಂದಿನಿಂದ ಡ್ರಾಬಾರ್ ಹಾಕಿ ಎಳೆದರೆ ಸಾಕು. ಜಾಬ್ ಬೇರಿಂಗ್‌ಗೆ ಅತಿ ಸಮೀಪ ನಿಲ್ಲುತ್ತದೆ, ತಪ್ಪು ಸೇರಿಕೊಳ್ಳುವ ಜಾಗಗಳೂ ಕಡಿಮೆ. ಆದರೆ ಡ್ರಾಬಾರ್ ತೂತನ್ನು ಮುಚ್ಚಿಬಿಡುವುದರಿಂದ ಉದ್ದ ಬಾರ್ ಹಾಯುವುದಿಲ್ಲ, ಒಂದು ಕಾಲೆಟ್ ಒಂದೇ ಅಳತೆಗೆ. ಲೇತ್‌ನಲ್ಲಿ ಎಂಡ್ ಮಿಲ್ ಹಿಡಿದು ಮಿಲ್ಲಿಂಗ್ ಮಾಡುವವರಿಗೆ, ಚಿಕ್ಕ ಜಾಬ್ ಮಾಡುವವರಿಗೆ 6, 8, 10, 12 ಮಿ.ಮೀ.ನ ನಾಲ್ಕು ಕಾಲೆಟ್ ಇದ್ದರೆ ಬಹಳ ಕೆಲಸ ನಡೆಯುತ್ತದೆ.

ಗಡಿಯಾರ ರಿಪೇರಿಯೇ ಮುಖ್ಯವಾದವರಿಗೆ ವೆಬ್‌ಸ್ಟರ್-ವಿಟ್‌ಕೂಂಬ್ ಕಾಲೆಟ್‌ಗೆ ಸಾಟಿ ಇಲ್ಲ. ಕಾಲೆಟ್‌ನ ಉದ್ದಕ್ಕೂ ಹಾಯುವಂತೆ ಹಿಡಿಯಬಲ್ಲ ದಪ್ಪ ಸುಮಾರು 5 ಮಿ.ಮೀ. ಅಷ್ಟೇ, ಆದರೆ ಆ ಕೆಲಸಕ್ಕೆ ಅಷ್ಟು ಸಾಕು.

ಇಆರ್ ಕುಟುಂಬ

ಉಳಿದ ಬಹುಪಾಲು ಹವ್ಯಾಸಿಗಳಿಗೆ ಇಆರ್ ಕಾಲೆಟ್ಟೇ ಸೂಕ್ತ. ಇದರ ಸೀಳುಗಳು ಎರಡೂ ತುದಿಗಳಿಂದ ಹೊರಟು ಒಂದರ ಪಕ್ಕ ಒಂದು ಹೆಣೆದುಕೊಂಡಿರುವುದರಿಂದ ಇಡೀ ತೋಳು ಸಮಾನಾಂತರವಾಗಿ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಒಂದು ಕಾಲೆಟ್ ತನ್ನ ಹೆಸರಿನ ಅಳತೆಯಿಂದ 1 ಮಿ.ಮೀ. ಕೆಳಗಿನವರೆಗೂ ಹಿಡಿಯಬಲ್ಲದು. ಅತಿ ಚಿಕ್ಕ ಕಾಲೆಟ್‌ಗಳಲ್ಲಿ ಇದು ಅರ್ಧ ಮಿ.ಮೀ. ಇಆರ್32ರ 18 ಕಾಲೆಟ್‌ಗಳ ಸೆಟ್ ಕೊಂಡರೆ 2ರಿಂದ 20 ಮಿ.ಮೀ.ವರೆಗಿನ ಯಾವ ದುಂಡು ಬಾರನ್ನೂ ಹಿಡಿಯಬಹುದು.

ಹೆಸರಿನ ಸಂಖ್ಯೆ ಕಾಲೆಟ್ ಕೂರುವ ತೂತಿನ ದೊಡ್ಡ ಬದಿಯ ವ್ಯಾಸವನ್ನು ಸರಿಸುಮಾರು ಹೇಳುತ್ತದೆ. ಹಿಡಿಯಬಲ್ಲ ಗರಿಷ್ಠ ದಪ್ಪ ಹೀಗಿದೆ: ಇಆರ್11ಕ್ಕೆ 7 ಮಿ.ಮೀ., ಇಆರ್16ಕ್ಕೆ 10, ಇಆರ್20ಕ್ಕೆ 13, ಇಆರ್25ಕ್ಕೆ 16, ಇಆರ್32ಕ್ಕೆ 20, ಇಆರ್40ಕ್ಕೆ 26. 20 ಮಿ.ಮೀ. ತೂತಿನ ಮಿನಿ ಲೇತ್‌ಗೆ ಇಆರ್32 ಏಕೆ ಹೇಳಿ ಮಾಡಿಸಿದ ಜೋಡಿ ಎಂಬುದು ಇದರಿಂದಲೇ ತಿಳಿಯುತ್ತದೆ. ಕಾಲೆಟ್‌ನ ಗರಿಷ್ಠ ಅಳತೆಯೂ ಸ್ಪಿಂಡಲ್ ತೂತೂ ಒಂದೇ. ಇಆರ್40 ಕೊಂಡರೆ 26 ಮಿ.ಮೀ. ಹಿಡಿಯಬಹುದಾದರೂ ಆ ದಪ್ಪದ ಬಾರ್ ಸ್ಪಿಂಡಲ್‌ನೊಳಗೆ ಹೋಗುವುದಿಲ್ಲ, ಮೂತಿ ಮಾತ್ರ ಭಾರವಾಗುತ್ತದೆ. ಶೆರ್ಲೈನ್‌ನಂಥ ಚಿಕ್ಕ ಯಂತ್ರಕ್ಕೆ ಇಆರ್16 ಸಾಕು.

ಒಂದು ಎಚ್ಚರಿಕೆ: ಇಆರ್ ಕಾಲೆಟ್ ಕೆಳಗಿನ ಅಳತೆಗೆ ಮುಚ್ಚಿಕೊಳ್ಳುತ್ತದೆಯೇ ಹೊರತು ಮೇಲಿನದಕ್ಕೆ ಹಿಗ್ಗುವುದಿಲ್ಲ. 10-9 ಎಂದು ಗುರುತಿರುವ ಕಾಲೆಟ್‌ಗೆ 10.1 ಮಿ.ಮೀ. ಬಾರ್ ತುರುಕಬಾರದು, ಅದಕ್ಕೆ 11-10 ಬೇಕು. ಹಿಡಿತ ಮತ್ತು ನಿಖರತೆ ಎರಡೂ ಅತ್ಯುತ್ತಮವಾಗಿರುವುದು ಜಾಬ್ ಮೇಲಿನ ಅಳತೆಗೆ ಹತ್ತಿರವಿದ್ದಾಗ. ಕೆಳಗಿನ ಅಂಚಿಗೆ ಹೋದಷ್ಟೂ ಕಾಲೆಟ್ ಹೆಚ್ಚು ಬಾಗಬೇಕಾಗುತ್ತದೆ.

ಹೋಲ್ಡರ್‌ನಲ್ಲಿದೆ ಮರ್ಮ

ಈಗ ಕಾಲೆಟ್ ಕೂರುವ ಜಾಗಕ್ಕೆ ಬರೋಣ. ಸ್ಪಿಂಡಲ್, ಹೋಲ್ಡರ್, ಕಾಲೆಟ್, ನಟ್ ಇವು ಒಂದರ ಮೇಲೊಂದು ಕೂತ ನಾಲ್ಕು ಭಾಗಗಳು. ಪ್ರತಿಯೊಂದೂ ತನ್ನ ಪಾಲಿನ ತಪ್ಪನ್ನು ಸೇರಿಸುತ್ತದೆ. ಸ್ಪಿಂಡಲ್‌ನಿಂದ 0.01, ಹೋಲ್ಡರ್‌ನಿಂದ 0.02, ಕಾಲೆಟ್‌ನಿಂದ 0.015 ಎಂದುಕೊಳ್ಳಿ, ಮೂರೂ ಒಂದೇ ದಿಕ್ಕಿಗೆ ಬಿದ್ದರೆ ಡಯಲ್‌ನಲ್ಲಿ 0.045 ಮಿ.ಮೀ. ಕಾಣುತ್ತದೆ. ಚೆನ್ನಾಗಿರುವ ಒಂದು ತ್ರೀ ಜಾ ಚಕ್ ಕೂಡ ಅಷ್ಟು ಕೊಡುತ್ತದೆ! ದುಬಾರಿ ಕಾಲೆಟ್ ಕೊಂಡು ಅಗ್ಗದ ಹೋಲ್ಡರ್‌ನಲ್ಲಿ ಕೂರಿಸಿದರೆ ಆಗುವುದು ಇದೇ.

ಹೋಲ್ಡರ್‌ಗಳಲ್ಲಿ ಎರಡು ಮುಖ್ಯ ಬಗೆ. ಮೊದಲನೆಯದು ಮೋರ್ಸ್ ಟೇಪರ್ ಬಾಲದ ಹೋಲ್ಡರ್. ಸ್ಪಿಂಡಲ್‌ನೊಳಗೆ ತೂರಿಸಿ ಡ್ರಾಬಾರ್‌ನಿಂದ ಎಳೆಯುವುದು. ತೆಗೆಯುವುದು, ಹಾಕುವುದು ಬೇಗ, ಬೆಲೆಯೂ ಕಡಿಮೆ, ಸ್ಪಿಂಡಲ್ ಟೇಪರ್ ಚೆನ್ನಾಗಿದ್ದರೆ ಔಟ್ ಕೂಡ ಕಡಿಮೆ. ಆದರೆ ಉದ್ದ ಬಾರ್ ಹಾಯಿಸಲು ಆಗುವುದಿಲ್ಲ. ಎಂಡ್ ಮಿಲ್ ಹಿಡಿಯಲು, ಚಿಕ್ಕ ಜಾಬ್‌ಗೆ, ಟೇಲ್‌ಸ್ಟಾಕ್‌ನಲ್ಲಿ ಡ್ರಿಲ್ ಮತ್ತು ರೀಮರ್ ಹಿಡಿಯಲು ಇದು ಒಳ್ಳೆಯದು. ಎರಡನೆಯದು ಚಕ್‌ನ ಹಾಗೆ ಸ್ಪಿಂಡಲ್ ಮೂತಿಯ ಫ್ಲೇಂಜ್‌ಗೆ ಬೋಲ್ಟ್ ಹಾಕಿ ಬಿಗಿಯುವ ಪ್ಲೇಟ್ ಮಾದರಿ. ಇದರಲ್ಲಿ ತೂತು ತೆರೆದೇ ಇರುತ್ತದೆ, ಒಂದು ಮೀಟರ್ ಬಾರನ್ನೂ ಹಿಂದಿನಿಂದ ಹಾಯಿಸಬಹುದು. ಟರ್ನಿಂಗೇ ಮುಖ್ಯ ಕೆಲಸವಾದವರು ಆರಿಸಬೇಕಾದ್ದು ಇದನ್ನೇ.

ಪ್ಲೇಟ್ ಮಾದರಿಗೆ ಇನ್ನೊಂದು ಅನುಕೂಲವಿದೆ. ಪ್ಲೇಟಿನ ಹಿಂಬದಿಯ ಗುಳಿ ಸ್ಪಿಂಡಲ್‌ನ ಉಬ್ಬಿಗೆ ಗಟ್ಟಿಯಾಗಿ ಕೂರುವಂತಿದ್ದರೆ, ಬಂದ ಔಟ್ ಬಂದ ಹಾಗೇ ಉಳಿಯುತ್ತದೆ. ಆ ಗುಳಿಯನ್ನು 0.1ರಿಂದ 0.2 ಮಿ.ಮೀ. ಸಡಿಲ ಮಾಡಿಕೊಂಡರೆ ಹೊಂದಿಸಲು ಜಾಗ ಸಿಗುತ್ತದೆ. ಬೋಲ್ಟ್‌ಗಳನ್ನು ಅರೆಬಿಗಿ ಮಾಡಿ, ಹೋಲ್ಡರ್‌ನ ಒಳ ಟೇಪರ್‌ಗೆ ಡಯಲ್ ಹಿಡಿದು, ಎತ್ತರ ಬಂದ ಕಡೆ ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಡಯಲ್ ತೋರಿಸುವ ಒಟ್ಟು ಆಟ ಕೇಂದ್ರದ ಸರಿತದ ಎರಡರಷ್ಟು ಎಂಬುದು ನೆನಪಿರಲಿ: ಮುಳ್ಳು 0.06 ಆಡಿದರೆ ತಳ್ಳಬೇಕಾದ್ದು 0.03 ಮಾತ್ರ. ಮುಳ್ಳು ನಿಂತ ಮೇಲೆ ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ತಾಳ್ಮೆ ಇದ್ದರೆ ಸಾಧಾರಣ ಹೋಲ್ಡರ್ ಕೂಡ ಮಿ.ಮೀ.ನ ನೂರನೇ ಒಂದು ಭಾಗದ ಹತ್ತಿರಕ್ಕೆ ಬರುತ್ತದೆ.

ಕೈಪಳಗಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು: ಹೋಲ್ಡರ್ ಅನ್ನು ತಮ್ಮ ಲೇತ್‌ನಲ್ಲೇ ತಯಾರಿಸುವುದು. ಸ್ಪಿಂಡಲ್ ಮೇಲೆಯೇ ಕೂರಿಸಿ ಬೋರ್ ಮಾಡಿದ ಟೇಪರ್ ಆ ಸ್ಪಿಂಡಲ್‌ನ ಅಕ್ಷಕ್ಕೇ ಹುಟ್ಟಿದ್ದು, ಅದಕ್ಕಿಂತ ನಿಖರವಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಇಆರ್ ಟೇಪರ್‌ನ ಕೋನ ಒಂದು ಬದಿಗೆ 8 ಡಿಗ್ರಿ. ಕಾಂಪೌಂಡ್ ಸ್ಲೈಡ್ ಮೇಲಿನ ಡಿಗ್ರಿ ಗೆರೆಗಳನ್ನು ನಂಬಿ ಕೂರಬಾರದು. ಔಟ್ ಇಲ್ಲದ ನೇರ ಬಾರ್ ಒಂದಕ್ಕೆ ಡಯಲ್ ತಾಗಿಸಿ, ಸ್ಲೈಡನ್ನು 25 ಮಿ.ಮೀ. ಸರಿಸಿದಾಗ ಡಯಲ್ 3.48 ಮಿ.ಮೀ. ತೋರಿಸುವಂತೆ ಹೊಂದಿಸಬೇಕು. ಬೋರಿಂಗ್ ಟೂಲ್‌ನ ತುದಿ ಸರಿಯಾಗಿ ಸೆಂಟರ್ ಎತ್ತರದಲ್ಲಿರಲೇಬೇಕು, ಇಲ್ಲದಿದ್ದರೆ ಟೇಪರ್‌ನ ಗೋಡೆ ನೇರವಾಗಿ ಬರುವುದಿಲ್ಲ. ಇಆರ್32 ನಟ್‌ನ ಥ್ರೆಡ್ ಎಂ40, 1.5 ಮಿ.ಮೀ. ಪಿಚ್, ಇಆರ್25ಕ್ಕೆ ಎಂ32, ಪಿಚ್ ಅಷ್ಟೇ. ನಟ್ ಮಾತ್ರ ಒಳ್ಳೆಯದನ್ನು ಕೊಳ್ಳುವುದು ಲೇಸು.

ತಪ್ಪು ಯಾರದು?

ಹೋಲ್ಡರ್ ಕೂರಿಸಿದ ಮೇಲೆ ಔಟ್ ಕಂಡರೆ ತಕ್ಷಣ ಕಾಲೆಟ್ ಸೆಟ್ಟನ್ನು ದೂರಬೇಡಿ. ಕಾಲೆಟ್ ಇಲ್ಲದೆ, ಹೋಲ್ಡರ್ ಇಲ್ಲದೆ, ಸ್ಪಿಂಡಲ್‌ನ ಒಳ ಟೇಪರ್‌ಗೇ ಡಯಲ್ ಹಿಡಿದು ಶುರು ಮಾಡಿ. ಅಲ್ಲಿ 0.02 ಇದ್ದರೆ ಮುಂದಿನದೆಲ್ಲ ಅದರ ಮೇಲೇ ಕಟ್ಟಿದ್ದು. ನಂತರ ಹೋಲ್ಡರ್ ಹಾಕಿ ಅದರ ಟೇಪರ್ ನೋಡಿ. ಕೊನೆಗೆ ಕಾಲೆಟ್‌ನಲ್ಲಿ ಗ್ರೈಂಡ್ ಮಾಡಿದ ಡೋವೆಲ್ ಪಿನ್ ಹಿಡಿದು ನೋಡಿ. ಬ್ರೈಟ್ ಬಾರ್ ತುಂಡನ್ನು ಪರೀಕ್ಷೆಗೆ ಬಳಸಬೇಡಿ, ಅದೇ ನೇರವಾಗಿ, ದುಂಡಗಿರುವ ಖಾತ್ರಿ ಇಲ್ಲ.

ಪಿನ್‌ನ ಮೇಲೆ ಎರಡು ಕಡೆ ಅಳೆಯಿರಿ: ನಟ್‌ನ ಪಕ್ಕದಲ್ಲಿ, ಮತ್ತು ಅಲ್ಲಿಂದ 40-50 ಮಿ.ಮೀ. ಆಚೆ. ಎರಡೂ ಕಡೆ ಒಂದೇ ಅಂಕಿ ಬಂದರೆ ಕೇಂದ್ರ ಪಕ್ಕಕ್ಕೆ ಸರಿದಿದೆ ಎಂದರ್ಥ, ಪ್ಲೇಟ್ ತಟ್ಟಿ ಸರಿಪಡಿಸಬಹುದು. ಆಚೆ ಹೋದಂತೆ ಅಂಕಿ ಹೆಚ್ಚಿದರೆ ಹಿಡಿತ ವಾಲಿದೆ. ಟೇಪರ್‌ನಲ್ಲಿ ಕಸ, ಪ್ಲೇಟಿನ ಮುಖದಲ್ಲಿ ಬರ್, ಅಥವಾ ಕೆಟ್ಟ ಕಾಲೆಟ್ ಕಾರಣ. ಯಾವುದೆಂದು ಹಿಡಿಯಲು ಸುಲಭ ದಾರಿಯಿದೆ. ಪಿನ್ ಎತ್ತರ ಬರುವ ಕಡೆ ಹೋಲ್ಡರ್ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ, ಕಾಲೆಟ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಎತ್ತರದ ಜಾಗ ಕಾಲೆಟ್ ಜೊತೆ ತಿರುಗಿದರೆ ತಪ್ಪು ಕಾಲೆಟ್‌ನದು, ಗುರುತಿನಲ್ಲೇ ನಿಂತರೆ ಹೋಲ್ಡರ್‌ನದು ಅಥವಾ ಸ್ಪಿಂಡಲ್‌ನದು. ಟೇಪರ್ ಬಾಲದ ಹೋಲ್ಡರ್ ಆದರೆ ಅದನ್ನೂ ಹೀಗೆಯೇ ತಿರುಗಿಸಿ ನೋಡಬಹುದು. ತಪ್ಪುಗಳು ಒಂದನ್ನೊಂದು ಕಳೆಯುವ ಸ್ಥಾನ ಸಿಕ್ಕಿದಾಗ ಸ್ಪಿಂಡಲ್, ಹೋಲ್ಡರ್, ಕಾಲೆಟ್ ಮೂರಕ್ಕೂ ಗುರುತು ಹಾಕಿಟ್ಟರೆ ಪ್ರತಿ ಸಲವೂ ಅದೇ ಸ್ಥಾನದಲ್ಲಿ ಕೂರಿಸಬಹುದು. ಖರ್ಚಿಲ್ಲದೆ ಅರ್ಧದಷ್ಟು ಔಟ್ ಇಳಿಸುವ ಉಪಾಯ ಇದು.

ಬಳಸುವಾಗ

ಇಆರ್ ಕಾಲೆಟ್ ಬಳಸುವ ಮೊದಲ ನಿಯಮ: ಕಾಲೆಟ್ಟನ್ನು ಮೊದಲು ನಟ್‌ಗೆ ಕೂರಿಸಿ, ಆಮೇಲೆ ಹೋಲ್ಡರ್‌ಗೆ. ನಟ್‌ನೊಳಗೆ ಕೇಂದ್ರ ತಪ್ಪಿದ ಒಂದು ಉಂಗುರವಿರುತ್ತದೆ. ಕಾಲೆಟ್ಟನ್ನು ಓರೆಯಾಗಿ ಹಿಡಿದು ಅದರ ಕುತ್ತಿಗೆಯ ತೋಡನ್ನು ಆ ಉಂಗುರಕ್ಕೆ ಸಿಕ್ಕಿಸಿ ಒತ್ತಿದರೆ ‘ಟಿಕ್’ ಎಂದು ಕೂರುತ್ತದೆ. ನಟ್ ಬಿಚ್ಚುವಾಗ ಕಾಲೆಟ್ಟನ್ನು ಟೇಪರ್‌ನಿಂದ ಹೊರಗೆಳೆಯುವುದು ಈ ಉಂಗುರವೇ. ಕಾಲೆಟ್ಟನ್ನು ಹೋಲ್ಡರ್‌ಗೆ ಹಾಕಿ ಮೇಲಿಂದ ನಟ್ ತಿರುಗಿಸಿದರೆ ಉಂಗುರ ಕಾಲೆಟ್‌ನ ಮುಖವನ್ನು ಒತ್ತಿ ಹಾಳುಮಾಡುತ್ತದೆ, ಹಿಡಿತ ಓರೆಯಾಗುತ್ತದೆ, ಆಮೇಲೆ ಕಾಲೆಟ್ ಹೊರಬರುವುದೂ ಇಲ್ಲ.

ಎರಡನೆಯದು ಶುಚಿ. ಟೇಪರ್‌ನಲ್ಲಿ ಸಿಕ್ಕಿದ ಕೂದಲೆಳೆಯಷ್ಟು ಚಿಪ್ಸ್ ಕೂಡ ಎಲ್ಲ ನಿಖರತೆಯನ್ನು ನುಂಗುತ್ತದೆ. ಪ್ರತಿ ಬಾರಿ ಕಾಲೆಟ್ ಬದಲಿಸುವಾಗ ಕಾಲೆಟ್‌ನ ಸೀಳುಗಳನ್ನು ಬ್ರಷ್‌ನಿಂದ ಉಜ್ಜಿ, ಒಳಗೂ ಹೊರಗೂ ಒರೆಸಿ, ಹೋಲ್ಡರ್‌ನ ಟೇಪರನ್ನು ಬೆರಳಿನಿಂದ ಸವರಿ ನೋಡಬೇಕು. ಏರ್ ಗನ್ ಹೊಡೆದರೆ ಚಿಪ್ಸ್ ಹೊರಬರುವ ಬದಲು ಬೇರಿಂಗ್ ಕಡೆಗೂ, ಕಣ್ಣಿಗೂ ಹಾರಬಹುದು. ಎತ್ತಿಡುವಾಗ ತೆಳುವಾಗಿ ಎಣ್ಣೆ ಸವರಿ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಕಾಣದ ಕಾಲೆಟ್‌ಗೆ ತುಕ್ಕು ಹಿಡಿಯಲು ತಡವಾಗುವುದಿಲ್ಲ.

ಮೂರನೆಯದು ಹಿಡಿತದ ಉದ್ದ. ಕಾಲೆಟ್‌ನ ಒಟ್ಟು ಉದ್ದದ ಮೂರನೇ ಎರಡು ಭಾಗದಷ್ಟಾದರೂ ಜಾಬ್ ಒಳಗಿರಬೇಕು. ಇಆರ್32 ಕಾಲೆಟ್ 40 ಮಿ.ಮೀ. ಉದ್ದವಿರುವುದರಿಂದ ಸುಮಾರು 27 ಮಿ.ಮೀ. ಒಳಗೆ ಬೇಕು. ಜಾಬ್ ಅಷ್ಟು ಉದ್ದವಿಲ್ಲದಿದ್ದರೆ ಕಾಲೆಟ್‌ನ ಹಿಂಬದಿಗೆ ಅದೇ ದಪ್ಪದ ಒಂದು ತುಂಡನ್ನು ಹಾಕಿ. ಆಗ ಎರಡೂ ಬದಿ ಸಮನಾಗಿ ಮುಚ್ಚುತ್ತವೆ. ಖಾಲಿ ಕಾಲೆಟ್ಟನ್ನು ಎಂದೂ ಬಿಗಿಯಬಾರದು, ಅದರ ಆಕಾರವೇ ಕೆಡುತ್ತದೆ.

ನಾಲ್ಕನೆಯದು ಬಿಗಿತ. ಇಆರ್32 ನಟ್‌ಗೆ ತಯಾರಕರು ಹೇಳುವ ಬಿಗಿತ 100 ನ್ಯೂಟನ್ ಮೀಟರ್‌ಗೂ ಹೆಚ್ಚು, ಕೈಬಲದಲ್ಲಿ ಬರುವಂಥದ್ದಲ್ಲ. ಪುಟ್ಟ ಲೇತ್‌ನ ಹಗುರ ಕಟ್‌ಗೆ ಅಷ್ಟು ಬೇಡವಾದರೂ ಎರಡು ಸ್ಪ್ಯಾನರ್ ಹಿಡಿದು ಗಟ್ಟಿಯಾಗಿ ಬಿಗಿಯಲೇಬೇಕು. ಸ್ಪಿಂಡಲನ್ನು ಗೇರ್‌ನಲ್ಲಿ ಸಿಕ್ಕಿಸಿ ನಟ್ ಬಿಗಿಯುವ ಅಭ್ಯಾಸ ಬೇಡ: ಮಿನಿ ಲೇತ್‌ಗಳಲ್ಲಿ ಆ ಗೇರ್ ಪ್ಲಾಸ್ಟಿಕ್‌ನದಾಗಿರುವುದುಂಟು, ಹಲ್ಲು ಮುರಿಯುತ್ತದೆ. ಬೇರಿಂಗ್ ಇರುವ ನಟ್ ಸಿಕ್ಕರೆ ಅದೇ ಶ್ರಮಕ್ಕೆ ಹೆಚ್ಚು ಹಿಡಿತ, ಕಾಲೆಟ್ ತಿರುಚುವುದೂ ಕಡಿಮೆ.

ಕಪ್ಪು ಪೊರೆಯ ಹಾಟ್ ರೋಲ್ಡ್ ಬಾರ್, ತುಕ್ಕು ಹಿಡಿದ ಕಬ್ಬಿಣ, ಬರ್ ತೆಗೆಯದ ತುದಿ ಇವನ್ನು ಕಾಲೆಟ್‌ಗೆ ಹಾಕಬೇಡಿ. ಅವಕ್ಕೆ ಚಕ್ ಇದೆ. ಮೋರ್ಸ್ ಟೇಪರ್ ಹೋಲ್ಡರ್ ತೆಗೆಯುವಾಗ ಡ್ರಾಬಾರನ್ನು ಎರಡು ಸುತ್ತು ಮಾತ್ರ ಸಡಿಲಿಸಿ, ಅದರ ತಲೆಗೆ ಮೆದು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಿ. ಲೇತ್‌ನಲ್ಲಿ ಮಿಲ್ಲಿಂಗ್ ಮಾಡುವಾಗ ಎಂಡ್ ಮಿಲ್ಲನ್ನು ಡ್ರಿಲ್ ಚಕ್‌ನಲ್ಲಿ ಹಿಡಿಯುವುದು ಅಪಾಯ. ಪಕ್ಕದ ಒತ್ತಡಕ್ಕೆ ಡ್ರಿಲ್ ಚಕ್ ತನ್ನ ಟೇಪರ್‌ನಿಂದ ಕಳಚಿಕೊಳ್ಳುತ್ತದೆ. ಕಾಲೆಟ್, ಡ್ರಾಬಾರ್ ಎರಡೂ ಇದ್ದರೆ ಮಾತ್ರ ಆ ಕೆಲಸ. ಸ್ಪಿಂಡಲ್‌ನ ಹಿಂದೆ ಉದ್ದ ಬಾರ್ ಚಾಚಿಕೊಂಡಿದ್ದರೆ ಅದಕ್ಕೆ ಆಧಾರ ಕೊಡಿ. ಆಧಾರವಿಲ್ಲದ ತೆಳು ಬಾರ್ ವೇಗ ಹೆಚ್ಚಿದಂತೆ ಬಾಗಿ ಚಾಟಿಯಂತೆ ಬೀಸುತ್ತದೆ, ಹತ್ತಿರ ನಿಂತವರ ಕೈಮೂಳೆ ಮುರಿಯಬಲ್ಲದು.

ಕಾಲೆಟ್ ಬೇಡವಾದಲ್ಲಿ

ಕಾಲೆಟ್ ಎಲ್ಲಕ್ಕೂ ಉತ್ತರವಲ್ಲ. ಬಿಲ್ಲೆಯಾಕಾರದ ಜಾಬ್, ಎರಕದ ತುಂಡು, 20 ಮಿ.ಮೀ. ಮೀರಿದ ಬಾರ್ ಇವೆಲ್ಲ ಚಕ್‌ನ ಕೆಲಸ. ಫೋರ್ ಜಾ ಚಕ್‌ನಲ್ಲಿ ಒಂದೊಂದು ಜಾ ಬೇರೆಬೇರೆಯಾಗಿ ಸರಿಯುವುದರಿಂದ ಡಯಲ್ ಹಿಡಿದು ಯಾವುದೇ ಕಾಲೆಟ್‌ಗಿಂತ ನಿಖರವಾಗಿ ಜಾಬ್ ಹೊಂದಿಸಬಹುದು, ಸಮಯ ಮಾತ್ರ ಬೇಕು. ಎರಡು ಬದಿಯೂ ಒಂದೇ ಅಕ್ಷಕ್ಕೆ ಬರಲೇಬೇಕಾದ ಉದ್ದ ಶಾಫ್ಟ್‌ಗೆ ಎರಡು ಸೆಂಟರ್‌ಗಳ ನಡುವೆ ಟರ್ನಿಂಗ್ ಮಾಡುವ ಹಳೆಯ ಕ್ರಮಕ್ಕೆ ಇಂದಿಗೂ ಸಮನಾದದ್ದಿಲ್ಲ. ತಿರುವಿ ಹಾಕಿದರೂ ಸೆಂಟರ್ ತೂತುಗಳು ಅವೇ ಇರುತ್ತವೆ. ಐಟಿಐ ಟರ್ನರ್ ಟ್ರೇಡ್‌ನಲ್ಲಿ ಕಲಿತವರಿಗೆ ಈ ಎರಡೂ ಕೈಗೆ ಹತ್ತಿರುತ್ತವೆ. ಹವ್ಯಾಸಿಗಳು ಇವನ್ನು ದಾಟಿ ನೇರವಾಗಿ ಕಾಲೆಟ್‌ಗೆ ಹಾರಬಾರದು.

ಹಾಗಾದರೆ ಕೊಳ್ಳುವ ಕ್ರಮ ಇದು. ಮೊದಲು ಒಂದು ನಂಬಬಹುದಾದ ಡಯಲ್ ಗೇಜ್ ಮತ್ತು ಅದರ ಮ್ಯಾಗ್ನೆಟಿಕ್ ಸ್ಟ್ಯಾಂಡ್. ಅದಿಲ್ಲದೆ ಕಾಲೆಟ್‌ನ ಗುಣವೂ ಗೊತ್ತಾಗುವುದಿಲ್ಲ, ದೋಷವೂ ಗೊತ್ತಾಗುವುದಿಲ್ಲ. ಆಮೇಲೆ ಫೋರ್ ಜಾ ಚಕ್. ಮೂರನೆಯದಾಗಿ, ನಿಮ್ಮ ಸ್ಪಿಂಡಲ್‌ಗೆ ಒಪ್ಪುವ, ನಿಮ್ಮ ಕೈಗೆಟಕುವುದರಲ್ಲಿ ಅತ್ಯುತ್ತಮವಾದ ಹೋಲ್ಡರ್ ಮತ್ತು ನಟ್. ಕೊನೆಗೆ ಕಾಲೆಟ್‌ಗಳು. ಹದಿನೆಂಟರ ಅಗ್ಗದ ಸೆಟ್‌ಗಿಂತ, ನೀವು ದಿನಾ ಬಳಸುವ ಅಳತೆಗಳ ನಾಲ್ಕು ಒಳ್ಳೆಯ ಕಾಲೆಟ್ ಮೇಲು. ಉಳಿದವನ್ನು ಬೇಕಾದಾಗ ಒಂದೊಂದಾಗಿ ಸೇರಿಸಿಕೊಳ್ಳಬಹುದು. ಹಣ ಎಲ್ಲಿ ಉಳಿಸಿದರೂ ಸರಿ, ಹೋಲ್ಡರ್‌ನಲ್ಲಿ ಮಾತ್ರ ಉಳಿಸಬೇಡಿ.